ನೆಲ ಮುಟ್ಟದ ತಂತಿ

ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನು ಒಂದು ಸಿಡಿಲನ್ನು ಬರಿಗೈಯಲ್ಲಿ ಹಿಡಿದು, ಕೊಡೆಯ ಕಡ್ಡಿಗೆ ಸುತ್ತಿಕೊಂಡು ಮನೆಗೆ ತಂದಿದ್ದೆ. ಮೂರು ತಿಂಗಳು ನಮ್ಮ ಬೀದಿಯ ದೀಪಗಳೆಲ್ಲ ಅದರಲ್ಲೇ ಉರಿದವು. ನಂಬದವರು ನಮ್ಮ ಬೀದಿಯವರನ್ನು ಕೇಳಬಹುದು. ಅವರೂ ನಂಬುವುದಿಲ್ಲ.

ಇದನ್ನೇ ತನಿಖಾಧಿಕಾರಿಯವರಿಗೂ ಹೇಳಿದೆ. ಆಕೆ ಕೈಗಡಿಯಾರ ನೋಡಿಕೊಂಡರು.

"ಈಗ ಎರಡು ಗಂಟೆ. ನಾಲ್ಕಕ್ಕೆ ನನ್ನ ವರದಿ ಹೋಗುತ್ತೆ. ಸಿಡಿಲು ಆಮೇಲೆ ಹಿಡಿಯೋಣ. ನಿಮ್ಮ ಭಾವ ಇಲ್ಲಿ ಸಿಗರೇಟು ಹಚ್ಚಲಿಲ್ಲ ಅನ್ನೋದಕ್ಕೆ ಏನಿದೆ, ಅದನ್ನ ತೋರಿಸಿ."

ಓದುಗರೇ, ಕಳೆದ ವಾರದ ಕಂತಿನಲ್ಲಿ ನೀವು ನನ್ನನ್ನು ಬಿಟ್ಟು ಹೋದದ್ದು ಈ ಸುಟ್ಟ ಷೆಡ್ಡಿನ ಬಾಗಿಲಲ್ಲಿ, ಕೈಯಲ್ಲೊಂದು ಬಾಚಣಿಗೆ ಹಿಡಿಸಿ. ಅಲ್ಲಿಂದ ಒಂದು ಹೆಜ್ಜೆ ಒಳಗೆ ಬಂದಿದ್ದೇನೆ, ಅಷ್ಟೆ.

ಬಣ್ಣಕ್ಕೆ ಬೆರೆಸುವ ಥಿನ್ನರನ್ನು ದೊಡ್ಡ ಟ್ಯಾಂಕಿಯಿಂದ ಡ್ರಮ್ಮುಗಳಿಗೆ ತುಂಬುವ ಷೆಡ್ಡು ಇದು. ಒಂದು ಪಂಪು, ಒಂದು ಪ್ಲಾಸ್ಟಿಕ್ ಪೈಪು, ಡ್ರಮ್ಮು ನಿಲ್ಲಿಸಲು ಒಂದು ಕಬ್ಬಿಣದ ಸ್ಟ್ಯಾಂಡು. ಕೆಲಸಕ್ಕೆ ಇಬ್ಬರೇ ಇಬ್ಬರು. ಪಂಪು ನೋಡುವವನ ಬಾಯಿ ಒಂದು ಗಳಿಗೆಯೂ ಮುಚ್ಚುತ್ತಿರಲಿಲ್ಲವಾದ್ದರಿಂದ ಎಲ್ಲರೂ ಅವನನ್ನು ಮೌನಿ ಎನ್ನುತ್ತಿದ್ದರು. ಬೆಂಕಿ ಬಿದ್ದ ಮೇಲೆ ಆಸ್ಪತ್ರೆಯಲ್ಲಿ ಮೂರು ದಿನ ಹೆಸರಿಗೆ ತಕ್ಕಂತೆ ಇದ್ದು, ನಾಲ್ಕನೆಯ ದಿನ ಹೋದ.

ಇನ್ನೊಬ್ಬ ನನ್ನ ತಂಗಿಯ ಗಂಡ. ಚಪ್ಪಲಿಯ ಅಡಿಯನ್ನೂ ಒರೆಸಿ ಇಡುವವನು, ಅಡ್ಡಹೆಸರು ಪಾಲಿಶ್. ನಾನು ಅವನಿಗೆ ಭಾವ, ಅವನು ನನಗೆ ಭಾವ. ನಮ್ಮಿಬ್ಬರಲ್ಲಿ ಯಾರು ದೊಡ್ಡವರೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಒಂಬತ್ತು ದಿನದಿಂದ ಲಾಕಪ್ಪಿನಲ್ಲಿದ್ದಾನೆ. ಥಿನ್ನರ್ ತುಂಬುವಾಗ ಸಿಗರೇಟು ಹಚ್ಚಿ ಜೊತೆಗಾರನನ್ನು ಸುಟ್ಟ ಎಂಬುದು ಆರೋಪ.

ತಂಗಿ ಬಾಗಿಲ ಬಳಿ ಒಂದು ಬಕೀಟು ಬೋರಲು ಹಾಕಿ ಕೂತಿದ್ದಳು. ಒಂಬತ್ತು ದಿನದಿಂದ ಅವಳು ತಲೆ ಬಾಚಿಲ್ಲ. ನನ್ನ ಕೈಯಲ್ಲಿದ್ದದ್ದು ಅವಳ ಬಾಚಣಿಗೆಯೇ.

ಅದನ್ನು ತೋಳಿಗೆ ಗಸಗಸ ಉಜ್ಜಿದೆ. ಎಷ್ಟು ಉಜ್ಜಿದೆನೆಂದರೆ ಪಕ್ಕದ ಊರಿನಲ್ಲಿ ರೇಡಿಯೋ ಗೊರಗೊರ ಅಂದಿರಬೇಕು. ಹರಿದ ಕಾಗದದ ಚೂರುಗಳ ಮೇಲೆ ಹಿಡಿದೆ. ಚೂರುಗಳು ಟಣ್ಣನೆ ಜಿಗಿದು ಬಾಚಣಿಗೆಗೆ ಅಂಟಿಕೊಂಡವು.

"ನೋಡಿ ಮೇಡಂ. ಯಾವುದೇ ವಸ್ತು ತಗೊಳ್ಳಿ, ಅದರೊಳಗೆ ಧನ, ಋಣ ಎರಡು ಬಗೆ ಚಾರ್ಜು ಸಮಸಮ ಇರುತ್ತೆ. ಅದಕ್ಕೇ ಜಗತ್ತು ಸುಮ್ಮನಿದೆ. ಎರಡು ವಸ್ತು ಉಜ್ಜಿದರೆ ಒಂದು ಇನ್ನೊಂದರ ಋಣವನ್ನ ಒಂದಿಷ್ಟು ಕಿತ್ಕೊಳ್ಳುತ್ತೆ. ಕಿತ್ಕೊಂಡದ್ದು ಋಣ, ಕಳ್ಕೊಂಡದ್ದು ಧನ. ಒಂದೇ ಬಗೆಯವು ಪರಸ್ಪರ ತಳ್ಳಾಡ್ತವೆ, ಬೇರೆ ಬಗೆಯವು ಎಳೆದಾಡ್ತವೆ. ಇದಕ್ಕೆ ವಿದ್ಯುದಾವೇಶ ಅಂತಾರೆ."

ಗೋಡೆಗೆ ಒರಗಿ ನಿಂತಿದ್ದ ಮೇಸ್ತ್ರಿಯ ಕಿವಿ ನೆಟ್ಟಗಾಯಿತು. ಈ ಕಾರ್ಖಾನೆಯ ಕೀಲಿಕೈಗಳೆಲ್ಲ ಅವನ ಸೊಂಟದಲ್ಲೇ ಇರುತ್ತವೆ. ನನ್ನ ಅನುಮಾನದ ಪಟ್ಟಿಯಲ್ಲಿ ಮೊದಲ ದಿನದಿಂದಲೂ ಅವನೇ ಮೊದಲು.

"ಆವೇಶ ಅಂದ್ರೆ ಮೈಮೇಲೆ ಬರೋದಲ್ವಾ ಸಾರ್?"

"ಅದೇ ಮೇಸ್ತ್ರಿ. ಮನುಷ್ಯರ ಮೈಮೇಲೆ ಬಂದ್ರೆ ಕೂಗಾಡ್ತಾರೆ. ಡ್ರಮ್ಮಿನ ಮೈಮೇಲೆ ಬಂದ್ರೆ ಕಿಡಿ ಹಾರುತ್ತೆ."

"ಇದು ಏಳನೇ ಕ್ಲಾಸಿನ ಪಾಠ," ಅಂದರು ಅಧಿಕಾರಿ.

"ಏಳನೇ ಕ್ಲಾಸಿನವರಿಗೇ ಗೊತ್ತಿದ್ರೆ ಎಂಟನೇ ಕ್ಲಾಸು ದಾಟಿದವರನ್ನ ಯಾಕೆ ಲಾಕಪ್ಪಲ್ಲಿಟ್ರಿ? ಥಿನ್ನರು ಪ್ಲಾಸ್ಟಿಕ್ ಪೈಪಲ್ಲಿ ಹರಿಯೋದೂ ಉಜ್ಜಿದ ಹಾಗೇನೇ. ಹರಿದಷ್ಟೂ ಚಾರ್ಜು ಹುಟ್ಟಿ ಡ್ರಮ್ಮಿಗೆ ಬಂದು ಕೂರುತ್ತೆ. ಎಳ್ಳಿನಷ್ಟು ಕಿಡಿ ಸಾಕು, ಆ ಆವಿ ಹತ್ಕೊಳ್ಳೋಕೆ. ಬೆಂಕಿಕಡ್ಡಿ ಬೇಕಿಲ್ಲ, ಸಿಗರೇಟೂ ಬೇಕಿಲ್ಲ."

ತಂಗಿ ತಲೆ ಎತ್ತಿದಳು. ಒಂಬತ್ತು ದಿನದಲ್ಲಿ ಅವಳ ಮುಖದಲ್ಲಿ ಅಷ್ಟು ಬೆಳಕು ನಾನು ಕಂಡದ್ದು ಅದೇ ಮೊದಲು. ಅದನ್ನು ನೋಡಿ ನನಗೆ ಸಂತೋಷವಾಗಬೇಕಿತ್ತು.

ಅಧಿಕಾರಿ ಸ್ಟ್ಯಾಂಡಿನ ಹಿಂದಿನ ಮೋಟುಗೋಡೆಯ ಕಡೆ ಬೆರಳು ತೋರಿಸಿದರು. "ಆ ತಾಮ್ರದ ತಂತಿ ಯಾಕಿದೆ ಗೊತ್ತಲ್ಲ? ಒಂದು ತುದಿ ಸ್ಟ್ಯಾಂಡಿನ ಕಾಲಿಗೆ ಕ್ಲಿಪ್ಪು ಹಾಕಿದೆ. ಇನ್ನೊಂದು ತುದಿ ನೆಲದೊಳಗೆ ಹೂತ ಕಂಬಿಗೆ. ಎಲ್ಲೂ ತುಂಡಾಗಿಲ್ಲ. ಡ್ರಮ್ಮಲ್ಲಿ ಚಾರ್ಜು ಹುಟ್ಟಿದ ಹಾಗೆಲ್ಲ ಸ್ಟ್ಯಾಂಡಿಗೆ ಇಳಿದು, ತಂತಿ ಹಿಡಿದು ನೆಲಕ್ಕೆ ಹೋಗುತ್ತೆ. ನೆಲ ಎಷ್ಟು ಕೊಟ್ಟರೂ ನುಂಗುತ್ತೆ. ಹಾಗಿರೋವಾಗ ಕಿಡಿ ಎಲ್ಲಿಂದ ಬಂತು?"

ನಾನು ಬಲಕ್ಕೆ ತಿರುಗಿ ಸ್ಟ್ಯಾಂಡಿನ ಕೆಳಗಿನ ರಬ್ಬರ್ ಹಾಸಿನ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಆಮೇಲೆ ಮೌನಿಯ ನೈಲಾನ್ ಅಂಗಿಯ ಬಗ್ಗೆ. ಆಮೇಲೆ ಅವತ್ತು ಬೀಸುತ್ತಿದ್ದ ಒಣಗಾಳಿಯ ಬಗ್ಗೆ: ಗಾಳಿಯಲ್ಲಿ ತೇವ ಇದ್ದರೆ ಚಾರ್ಜು ಮೆಲ್ಲಗೆ ಸೋರಿ ಹೋಗುತ್ತದೆ, ಒಣಗಿದ್ದರೆ ಕೂತಲ್ಲೇ ಕೂರುತ್ತದೆ. ಒಮ್ಮೆ ಅಂಥ ಗಾಳಿಯಲ್ಲಿ ನಾನು ಸ್ವೆಟರು ಬಿಚ್ಚಿದಾಗ ಹೊರಟ ಕಿಡಿಗೆ ಆರು ಬೆಕ್ಕುಗಳು ಕುರುಡಾದವು ಎಂಬುದನ್ನೂ ಸೇರಿಸಿದೆ.

"ಸ್ವಾಮಿ," ಅಂದರು ಆಕೆ, ದನಿ ಏರಿಸದೆ. "ನೀವು ಚಾರ್ಜು ಹುಟ್ಟಿಸ್ತಾನೇ ಇದ್ದೀರಿ. ನಾನು ಕೇಳ್ತಿರೋದು ಅದು ಯಾಕೆ ಹೋಗಲಿಲ್ಲ ಅಂತ."

ನಾನು ಬಾಚಣಿಗೆಯನ್ನು ಮತ್ತೆ ತೋಳಿಗೆ ಉಜ್ಜತೊಡಗಿದೆ.

ಸಂದಿ ಸಿಕ್ಕಿತೆಂದು ಮೇಸ್ತ್ರಿ ನುಗ್ಗಿದ. "ಸಿಗರೇಟು ಪ್ಯಾಕು ಪಾಲಿಶ್ ಪೆಟ್ಟಿಗೇಲೇ ಸಿಕ್ಕಿದೆ ಮೇಡಂ. ಇನ್ನೇನು ಬೇಕು?"

"ಅವರು ಸಿಗರೇಟು ಬಿಟ್ಟು ಆರು ವರ್ಷ ಆಯ್ತು," ಅಂದಳು ತಂಗಿ.

"ಹೌದಾ ತಾಯಿ? ಮತ್ತೆ ಪ್ಯಾಕು ಇಟ್ಕೊಂಡು ವಾಸನೆ ನೋಡ್ತಿದ್ನಾ?"

"ಬಿಚ್ಚಿ ನೋಡಿದ್ದೀರಾ ಯಾರಾದ್ರೂ?"

ಯಾರೂ ನೋಡಿರಲಿಲ್ಲ. ಜಪ್ತಿ ಪಟ್ಟಿಯಲ್ಲಿ 'ಸಿಗರೇಟು ಪ್ಯಾಕು, ಒಂದು' ಎಂದು ಬರೆದ ಪೊಲೀಸರು ಅದನ್ನು ಹಾಗೆಯೇ ಚೀಲಕ್ಕೆ ಹಾಕಿ ಬಾಯಿ ಅಂಟಿಸಿದ್ದರು. ಅಧಿಕಾರಿ ಚೀಲ ಕತ್ತರಿಸಿ, ಪ್ಯಾಕಿನ ಮುಚ್ಚಳ ತೆರೆದು ಅಂಗೈ ಮೇಲೆ ಕೊಡವಿದರು.

ಸಿಗರೇಟಲ್ಲ. ನಾಲ್ಕು ಮಡಿಕೆ ಮಾಡಿದ, ತುಕ್ಕು ಉಜ್ಜುವ ಉಪ್ಪುಕಾಗದದ ತುಂಡುಗಳು, ಅಂಚಿಗೆ ಅಂಚು ಕೂಡಿಸಿ ಜೋಡಿಸಿದವು. ಅವುಗಳ ಒರಟಿನಲ್ಲಿ ತುಕ್ಕಿನ ಪುಡಿ. ತುಕ್ಕಿನ ಜೊತೆ ಸಣ್ಣಗೆ ಹೊಳೆಯುವ ಬೆಳ್ಳಿಪುಡಿ.

ತಂಗಿ ನಕ್ಕಳು, ಅಥವಾ ಅತ್ತಳು. "ನೋಡಿ, ನೋಡಿ! ಒಂದು ಚೂರೂ ಬಿಸಾಡಲ್ಲ ಅವರು. ಪ್ಯಾಕು ಗಟ್ಟಿ ಇರುತ್ತೆ, ಕಾಗದ ಮುದುರಲ್ಲ ಅಂತ ಅದ್ರಲ್ಲಿಟ್ಟಿರ್ತಾರೆ."

ಪತ್ತೇದಾರನಿಗೆ ಇಂಥ ಗಳಿಗೆ ಜೀವಮಾನದಲ್ಲಿ ಒಮ್ಮೆ ಬರುತ್ತದೆ. ನಾನು ಎದೆ ಉಬ್ಬಿಸಬೇಕಿತ್ತು. ಆದರೆ ಆ ಬೆಳ್ಳಿಪುಡಿ ನೋಡಿದ ಕೂಡಲೇ ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಈ ಬೆಳ್ಳಿಬಣ್ಣ ಯಾವುದರದು?" ಅಧಿಕಾರಿ ಕೇಳಿದರು.

"ಹೋದ ತಿಂಗಳು ಯಜಮಾನರು ನೋಡೋಕೆ ಬರ್ತಾರೆ ಅಂತ ಎಲ್ಲದಕ್ಕೂ ಹೊಡೆಸಿದ್ದೆ," ಅಂದ ಮೇಸ್ತ್ರಿ. "ಪಾಲಿಶೇ ಹೊಡೆದದ್ದು. ತುಕ್ಕು ಉಜ್ಜಿ ಉಜ್ಜಿ ಎರಡೆರಡು ಕೈ."

"ಸ್ಟ್ಯಾಂಡಿಗೂ?"

"ಮೇಡಂ!" ನಾನು ನಡುವೆ ಬಾಯಿ ಹಾಕಿದೆ. "ಬಣ್ಣ ಎಂದಾಗ ನೆನಪಾಯ್ತು. ನಾನೊಮ್ಮೆ ಒಂದೇ ಕುಂಚದಲ್ಲಿ ಇಡೀ ಸೇತುವೆಗೆ..."

ಅಷ್ಟರಲ್ಲಿ ಆಕೆಯ ಫೋನು ಬಡಿದುಕೊಂಡಿತು. ಆಕೆ "ಹ್ಞೂಂ" ಅಂದರು. ಮತ್ತೆ "ಹ್ಞೂಂ" ಅಂದರು. ಫೋನು ಇಟ್ಟು ತಂಗಿಯ ಕಡೆ ತಿರುಗಿದರು.

"ನಿಮ್ಮ ಯಜಮಾನರು ಒಪ್ಪಿಕೊಂಡಿದ್ದಾರಮ್ಮ. ಸಿಗರೇಟು ಹಚ್ಚಿದ್ದು ನಾನೇ ಅಂತ. ಸಹಿಯೂ ಆಗಿದೆ."

ತಂಗಿ ಬಕೀಟಿನಿಂದ ಏಳಲು ಹೋಗಿ ಅಲ್ಲೇ ಕುಸಿದಳು. "ಸುಳ್ಳು. ನಿನ್ನೆ ನೋಡೋಕೆ ಹೋಗಿದ್ದೆ. ಮೌನಿ ಹೆಂಡತಿ ಊಟ ಮಾಡಿದ್ಲಾ ಅಂತ ಕೇಳಿದ್ರು. ಇನ್ನೊಂದು ಮಾತು ಆಡಲಿಲ್ಲ. ಅವರಿಗೆ ಸಾಕಾಗಿದೆ ಮೇಡಂ. ಸಾಕಾಗಿ ಸಹಿ ಹಾಕಿದ್ದಾರೆ."

"ಸಾಕಾಗಿ ಹಾಕಿದ್ದೂ ಸಹಿನೇ." ಆಕೆ ಕಲ್ಲುಮನಸ್ಸಿನಿಂದ ಹೇಳಲಿಲ್ಲ. ಅಂಗೈಯಲ್ಲಿದ್ದ ಉಪ್ಪುಕಾಗದವನ್ನು ಇನ್ನೊಮ್ಮೆ ನೋಡಿದರು. "ಆದರೂ ಒಂದು ಸಲ ಆ ಕ್ಲಿಪ್ಪಿಗೆ ಮೀಟರ್ ಇಟ್ಟು ನೋಡ್ತೀನಿ. ಮೇಸ್ತ್ರಿ, ಬನ್ನಿ, ಗಾಡಿಯಿಂದ ಪೆಟ್ಟಿಗೆ ಇಳಿಸಿ."

ಇಬ್ಬರೂ ಹೊರಟರು. ಆಕೆಯ ಕಡತ ಡ್ರಮ್ಮಿನ ಮೇಲೆಯೇ ಉಳಿಯಿತು. ಷೆಡ್ಡಿನಲ್ಲಿ ಅಣ್ಣ ತಂಗಿ ಇಬ್ಬರೇ.

"ಹೆದರಬೇಡ ಕಣೇ," ಅಂದೆ. "ಸಹಿ ಹಾಕಿದವರನ್ನ ನೇಣಿನ ಹಗ್ಗದಿಂದ ಇಳಿಸಿಕೊಂಡು ಬಂದವನು ನಾನು. ಒಂದು ಸಲ ನಲವತ್ತು ಜನ..."

"ಅಣ್ಣ, ಸುಮ್ಮನಿರು."

ಅವಳು ಎದ್ದು ಮೋಟುಗೋಡೆಯ ಹಿಂದೆ ಹೋಗಿ ಮೊಣಕಾಲೂರಿ ಕೂತಳು. ಗೋಡೆಯ ಮರೆಯಲ್ಲಿದ್ದುದರಿಂದ ಅಲ್ಲಿ ಬೆಂಕಿ ಅಷ್ಟಾಗಿ ತಾಗಿರಲಿಲ್ಲ. ಸ್ಟ್ಯಾಂಡಿನ ಕಾಲು ಬೆಳ್ಳಗೆ ಹೊಳೆಯುತ್ತಿತ್ತು. ಅದನ್ನು ಕಚ್ಚಿ ಹಿಡಿದ ಕ್ಲಿಪ್ಪೂ ಹೊಳೆಯುತ್ತಿತ್ತು.

"ಹಲ್ಲಿನ ಸಂದಿಗೂ ಬಣ್ಣ ಹೊಡೆದಿದ್ದಾರೆ," ಅಂದಳು ಮೆಲ್ಲಗೆ. "ಕ್ಲಿಪ್ಪು ತೆಗೆದು, ಕಾಲಿಗೆ ಎರಡು ಕೈ ಹೊಡೆದು, ಕ್ಲಿಪ್ಪಿಗೂ ಹೊಡೆದು, ಒಣಗಿಸಿ ಮತ್ತೆ ಹಾಕಿದ್ದಾರೆ. ಅವರು ಏನು ಮಾಡಿದ್ರೂ ಪೂರ್ತಿ ಮಾಡ್ತಾರೆ."

ನಾನು ಬಾಚಣಿಗೆಯನ್ನು ಜೇಬಿಗೆ ಹಾಕಿಕೊಂಡೆ.

"ಬಣ್ಣದೊಳಗೆ ಚಾರ್ಜು ಹರಿಯುತ್ತಾ ಅಣ್ಣ?"

"ಇಲ್ಲ."

ಅಷ್ಟು ಚಿಕ್ಕ ಮಾತು ನನ್ನ ಬಾಯಿಂದ ಹುಟ್ಟಿದ್ದು ಬಹುಶಃ ಅದೇ ಮೊದಲು. ತಂತಿ ಇದೆ, ಕ್ಲಿಪ್ಪು ಇದೆ, ನೆಲದಲ್ಲಿ ಕಂಬಿ ಇದೆ. ಕಣ್ಣಿಗೆ ಎಲ್ಲವೂ ಸರಿ. ಕಬ್ಬಿಣಕ್ಕೂ ಕ್ಲಿಪ್ಪಿಗೂ ನಡುವೆ ಒಂದು ಕೂದಲೆಳೆಯಷ್ಟು ಬಣ್ಣ. ಡ್ರಮ್ಮು ತುಂಬಿದಷ್ಟೂ ಚಾರ್ಜು ತುಂಬಿದೆ, ದಾರಿ ಸಿಗದೆ ಕಾದಿದೆ. ಪಂಪು ನಿಲ್ಲಿಸಿದ ಮೌನಿ ಪೈಪು ತೆಗೆಯಲು ಡ್ರಮ್ಮಿನ ಬಾಯಿಗೆ ಕೈ ಹಾಕಿದ್ದಾನೆ. ಅವನೇ ದಾರಿಯಾದ.

"ಎರಡು ಗಂಟೆಯಿಂದ ನೀನು ಇಡೀ ಷೆಡ್ಡು ಸುತ್ತಿದೆ," ಅಂದಳು ತಂಗಿ. "ಹಾಸು ನೋಡಿದೆ, ಗಾಳಿ ನೋಡಿದೆ, ಸತ್ತವನ ಅಂಗಿ ನೋಡಿದೆ. ಈ ಕ್ಲಿಪ್ಪಿನ ಕಡೆ ಮಾತ್ರ ಮುಖ ತಿರುಗಿಸಲಿಲ್ಲ. ನಿನಗೆ ಮೊದಲೇ ಗೊತ್ತಿತ್ತು."

"ಗೊತ್ತಿದ್ರೆ ಹೇಗೆ ಹೇಳಲಿ?" ಅಂದೆ. "ಅವನು ಕೈಯಾರೆ ಹೊಡೆದ ಬಣ್ಣವೇ ಮೌನಿಯನ್ನ ತಿಂತು ಅಂತ ಭಾವನಿಗೆ ಹೇಳಿ, ಆಮೇಲೆ ಅವನು ಬದುಕಿರ್ತಾನಾ? ಸಿಗರೇಟಾದ್ರೆ ಸುಳ್ಳು ಅಂತ ಅವನಿಗೇ ಗೊತ್ತಿರುತ್ತೆ. ಇದು ನಿಜ ಕಣೇ. ನಿಜ ಹೊತ್ಕೊಂಡು ಅವನು ಹೇಗೆ ಮಲಗ್ತಾನೆ?"

ಒಳ್ಳೆಯ ಮಾತು. ಅರ್ಧ ನಿಜವೂ ಹೌದು. ಅವಳ ಕಣ್ಣಲ್ಲಿ ನೀರು ತುಂಬಿತು. ಕೈ ಚಾಚಿ ನನ್ನ ಮೊಣಕೈ ಹಿಡಿದಳು. ಬಚಾವಾದೆ ಅಂದುಕೊಂಡೆ.

ಅವಳು ಏಳುವುದಕ್ಕೆಂದು ಡ್ರಮ್ಮು ಹಿಡಿದಳು. ಕಡತ ಜಾರಿ ಕೆಳಗೆ ಬಿತ್ತು. ಹಾಳೆಗಳನ್ನು ಜೋಡಿಸುತ್ತ ಜೋಡಿಸುತ್ತ ಒಂದರ ಮೇಲೆ ಅವಳ ಕೈ ನಿಂತಿತು.

"ಬಣ್ಣ ಹೊಡೆದದ್ದು ಹೋದ ತಿಂಗಳು ಮೂರನೇ ತಾರೀಕು. ಅವತ್ತು ಅವರ ಅಂಗಿ ನಾನೇ ನೆನೆಹಾಕಿದ್ದೆ. ಈ ಕಾಗದ ಹತ್ತನೇ ತಾರೀಕಿನದು. 'ಸ್ಟ್ಯಾಂಡಿನ ಭೂಸಂಪರ್ಕವನ್ನು ಮೀಟರಿನಿಂದ ಪರೀಕ್ಷಿಸಿದೆ, ಸರಿಯಾಗಿದೆ.'" ತಲೆ ಎತ್ತಿದಳು. "ಬಣ್ಣ ಆದ ಮೇಲೆ ಯಾರೋ ಬಂದು ನೋಡಿದ್ದಾರೆ ಅಣ್ಣ! ಸರಿ ಇದೆ ಅಂತ ಬರೆದಿದ್ದಾರೆ. ಹಾಗಾದ್ರೆ ತಪ್ಪು ಬಣ್ಣ ಹೊಡೆದವರದಲ್ಲ, ಸಹಿ ಹಾಕಿದ ಇವನದು. ಯಾವನೋ ಇವನು..."

ಹಾಳೆಯನ್ನು ಕಣ್ಣಿನ ಹತ್ತಿರಕ್ಕೆ ತಂದಳು.

ಸಹಿ ನೋಡುತ್ತಿದ್ದಳು. ಹೆಸರು ಓದಲಾಗದ ಸಹಿ. ಕೊನೆಯಲ್ಲಿ ಮೂರು ಸುತ್ತಿನ ಬಾಲ, ಬಾಲದ ಕೆಳಗೆ ಎರಡು ಚುಕ್ಕಿ.

"ಅಪ್ಪ ಹೋದ ಮೇಲೆ," ಅಂದಳು, "ನನ್ನ ಮಾರ್ಕ್ಸ್ ಕಾರ್ಡಿಗೆ ನೀನೇ ಸಹಿ ಹಾಕ್ತಿದ್ದೆ. ಎಂಟನೇ ಕ್ಲಾಸು, ಒಂಬತ್ತು, ಹತ್ತು. ಟೀಚರ್ ಕೇಳ್ತಿದ್ರು, ನಿಮ್ಮಣ್ಣ ಏನು ಮಂತ್ರಿನಾ, ಇಷ್ಟುದ್ದ ಬಾಲ ಅಂತ. ನಾನು ಹೌದು ಅಂತಿದ್ದೆ."

"ಇಂಥ ಸಹಿ ಲೋಕದಲ್ಲಿ ಸಾವಿರ ಇರುತ್ತೆ."

"ಅಣ್ಣ."

"ನನ್ನ ಸಹಿಯನ್ನ ಕದಿಯೋಕೆ ಏಳು ದೇಶದ ಕಳ್ಳರು..."

"ಅಣ್ಣಾ."

ಮಾರ್ಕ್ಸ್ ಕಾರ್ಡು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ ಹುಡುಗಿಯ ದನಿ ಅದು. ನಾನು ಬಕೀಟಿನ ಮೇಲೆ ಕೂತೆ.

"ಹೊಟ್ಟೆಪಾಡಿಗೆ ನಾನು ಮಾಡೋ ಕೆಲಸ ಇದೇ," ಅಂದೆ. "ಒಂದು ಏಜೆನ್ಸಿ ಇದೆ. ಕಾರ್ಖಾನೆಗಳಿಗೆ ಹೋಗಿ ತಂತಿಗಳಿಗೆ ಮೀಟರ್ ಮುಟ್ಟಿಸಿ ನೋಡಿ ಬರೋದು. ಹದಿನಾಲ್ಕು ವರ್ಷದಿಂದ. ಈ ಸಲ ಇದು ನನ್ನ ಪಾಲಿಗೆ ಬಂತು."

"ಮುಟ್ಟಿಸಿ ನೋಡಿದ್ರೆ ಗೊತ್ತಾಗ್ತಿತ್ತಾ?"

"ಒಂದು ನಿಮಿಷದಲ್ಲಿ."

"ಮತ್ತೆ?"

ಬಾಗಿಲಲ್ಲಿ ನೆರಳು ಬಿತ್ತು. ಅಧಿಕಾರಿ ನಿಂತಿದ್ದರು, ಹಿಂದೆ ಮೀಟರ್ ಪೆಟ್ಟಿಗೆ ಹಿಡಿದ ಮೇಸ್ತ್ರಿ. ಎಷ್ಟು ಹೊತ್ತಿನಿಂದ ನಿಂತಿದ್ದರೋ.

ತಂಗಿ ಆ ಕಾಗದವನ್ನು ಅವರ ಕೈಗೆ ಕೊಟ್ಟಳು. "ಈ ಸಹಿ ನಮ್ಮಣ್ಣನದು ಮೇಡಂ. ಪರೀಕ್ಷೆ ಮಾಡದೆ ಹಾಕಿದ್ದಾನೆ."

ಅಧಿಕಾರಿ ಕಾಗದ ನೋಡಿದರು, ನನ್ನನ್ನು ನೋಡಿದರು, ಮೇಸ್ತ್ರಿಯ ಕಡೆ ತಿರುಗಿದರು. "ಅವತ್ತು ತಪಾಸಣೆಯವರು ಬಂದಿದ್ರಾ?"

ಮೇಸ್ತ್ರಿಯ ಕೈ ಕೀಲಿಕೈ ಗೊಂಚಲಿಗೆ ಹೋಯಿತು. ಯಾರೂ ಬರದೆ ಕಾಗದ ಮಾತ್ರ ಬಂದಿತ್ತು ಅಂದರೆ ಮರುಪ್ರಶ್ನೆ ಅವನಿಗೇ.

"ಬಂದಿದ್ರಲ್ಲ ಮೇಡಂ! ನಾನೇ ಜೊತೆ ನಿಂತು ತೋರಿಸಿದೆ. ಟೀನೂ ಕುಡಿಸಿದೆ. ಎಲ್ಲದಕ್ಕೂ ಮೀಟರ್ ಇಟ್ಟು ನೋಡಿದ್ರು. ಇವರೇ ಬಂದದ್ದು."

"ಸುಳ್ಳು!" ಅಂದೆ.

"ಸುಳ್ಳು?" ಅಧಿಕಾರಿ ಮೀಟರ್ ಪೆಟ್ಟಿಗೆಯನ್ನು ಕೆಳಗಿಳಿಸಲೂ ಹೇಳಲಿಲ್ಲ. "ಕೇಳಿ. ಬೆಂಕಿ ಬಿದ್ದ ಷೆಡ್ಡಲ್ಲಿ ಇವತ್ತು ಮೀಟರ್ ಏನು ತೋರಿಸಿದ್ರೂ ಅದು ಬೆಂಕಿಗೆ ಮೊದಲಿನ ಸಾಕ್ಷಿ ಆಗಲ್ಲ. ಮೊದಲಿನ ಸಾಕ್ಷಿ ಈ ಕಾಗದ ಒಂದೇ. ಸರಿ ಇತ್ತು ಅಂತ ಇದೆ. ಮೇಸ್ತ್ರಿ ನೋಡಿದೆ ಅಂತಾರೆ. ಒಳಗಿರೋ ಮನುಷ್ಯ ಸಿಗರೇಟು ಹಚ್ಚಿದೆ ಅಂತ ಸಹಿ ಹಾಕಿದ್ದಾನೆ. ಅದನ್ನೆಲ್ಲ ತಳ್ಳಿಹಾಕಿ ನಾನು ನಂಬಬೇಕಾದ್ದು ಯಾರನ್ನ? ಸಿಡಿಲು ಹಿಡಿದವರನ್ನ. ಬೆಕ್ಕು ಕುರುಡು ಮಾಡಿದವರನ್ನ. ತಂಗಿ ಗಂಡನನ್ನ ಬಿಡಿಸೋಕೆ ನೀವು ಬಿಡ್ತಿರೋ ಇನ್ನೊಂದು ಬುರುಡೆ ಇದು ಅಂತ ನಾನು ಯಾಕೆ ತಿಳ್ಕೋಬಾರದು?"

ಮೂರೂವರೆ ದಾಟಿತ್ತು.

ಜೀವಮಾನದಲ್ಲಿ ನಾನು ಹೇಳಿದ ಸುಳ್ಳುಗಳನ್ನೆಲ್ಲ ಯಾರಾದರೊಬ್ಬರು ನಂಬಿದ್ದಾರೆ. ತಂಗಿಯನ್ನು ನೋಡಿದೆ. ಅವಳು ನನ್ನನ್ನು ನೋಡಲಿಲ್ಲ.

"ಬರೆದುಕೊಳ್ಳಿ ಮೇಡಂ," ಅಂದೆ.

"ಮೊದಲಿಂದ ಹೇಳಿ. ಏನೂ ಸೇರಿಸದೆ."

"ನಾನು ಪತ್ತೇದಾರ ಅಲ್ಲ. ಒಂದು ಕೇಸೂ ಹಿಡಿದವನಲ್ಲ. ಇವಳ ಮದುವೆ ಮಾತುಕತೆಯಲ್ಲಿ ಗಂಡಿನವರು ಕೇಳಿದಾಗ ಹಾಗಂತ ಹೇಳಿಬಿಟ್ಟೆ. ಆಮೇಲೆ ಬಿಡೋಕಾಗಲಿಲ್ಲ. ಭಾವ ಅದನ್ನ ಇಡೀ ಕಾರ್ಖಾನೆಗೆ ಹೇಳಿಕೊಂಡು ಓಡಾಡ್ತಿದ್ದ. ಹತ್ತನೇ ತಾರೀಕು ಬೆಳಿಗ್ಗೆ ಮೀಟರ್ ಚೀಲ ಹೆಗಲಿಗೆ ಹಾಕ್ಕೊಂಡು ಗೇಟಿನ ತನಕ ಬಂದೆ. ಅಲ್ಲಿಂದಲೇ ಭಾವ ಕಾಣಿಸಿದ. ಷೆಡ್ಡಿನ ಬಾಗಿಲಲ್ಲಿ ನಿಂತು ಬಟ್ಟೆಯಿಂದ ಡ್ರಮ್ಮು ಒರೆಸ್ತಿದ್ದ. ಈ ಚೀಲದ ಜೊತೆ ಅವನು ನನ್ನನ್ನ ನೋಡಿಬಿಟ್ರೆ ಅಂತ ನಾಚಿಕೆ ಆಯ್ತು. ವಾಪಸು ತಿರುಗಿದೆ. ಎದುರು ಅಂಗಡಿ ಬೆಂಚಿನ ಮೇಲೆ ಕೂತು ಸಹಿ ಹಾಕಿದೆ."

"ನೀವು ಗೇಟಿಂದ ವಾಪಸು ಹೋದದ್ದನ್ನ ನೋಡಿದವರು ಯಾರಾದ್ರೂ ಇದ್ದಾರಾ?"

"ಒಬ್ಬರು ನೋಡಿದ್ರು. ಗೇಟಲ್ಲಿ ನಿಂತಿದ್ರು. ಚೀಲ ನೋಡಿ, ತಪಾಸಣೆಯವರಾ ಸಾರ್, ಒಳಗೆ ಬನ್ನಿ, ನೀರು ಕುಡೀರಿ, ಬಿಸಿಲು ಜೋರಾಗಿದೆ, ಎಲ್ಲಿಂದ ಬಂದ್ರಿ, ಹೇಗೆ ಬಂದ್ರಿ ಅಂತ ಒಂದೇ ಸಮ ಮಾತಾಡಿದ್ರು. ನಾನು ವಿಳಾಸ ತಪ್ಪಿ ಬಂದೆ ಅಂದೆ."

ಅಧಿಕಾರಿಯ ಪೆನ್ನು ನಿಂತಿತು. ಮೇಸ್ತ್ರಿ ನೆಲ ನೋಡಿದ.

"ಯಾರು ಅಂತ ಆಗ ಗೊತ್ತಿರಲಿಲ್ಲ ಮೇಡಂ," ಅಂದೆ. "ಆಸ್ಪತ್ರೆಯಲ್ಲಿ ಮುಖ ನೋಡಿದಾಗ ಗೊತ್ತಾಯ್ತು. ಮೌನಿ."